ಪಿತ್ತದ ಗಂಧೆಯೂ ಮುರುಗೇಶನ ವಡೆಯೂ

ಇಂಗ್ಲಿಷ್ ಔಷಧಿಯ ಒಂದು ಮಾತ್ರೆಯನ್ನೂ ನುಂಗದೆ ಮೂವತ್ತು ವರ್ಷ ಕಳೆದವರು ಇಡೀ ಚಾಮರಾಜಪೇಟೆಯಲ್ಲಿ ಒಬ್ಬರೇ ಇದ್ದರು. ಅವರು ನಾಲ್ಕನೇ ಅಡ್ಡರಸ್ತೆಯ ವರದರಾಜರು. ಈ ಮಾತನ್ನು ಬೇರೆ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ವರದರಾಜರೇ ಹೇಳಿದ್ದರು, ಮತ್ತೆ ಮತ್ತೆ ಹೇಳಿದ್ದರು, ಆದ್ದರಿಂದ ಅದು ನಿಜವೆಂದು ಎಲ್ಲರೂ ಒಪ್ಪಿದ್ದರು.

ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ದಿನವೂ ಹೆಂಡತಿ ಭಾಗೀರಥಮ್ಮ ಮಾಡಿಕೊಟ್ಟ ಕಷಾಯವನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಯಾರಾದರೂ ಸೀನಿದರೆ ಸಾಕು, ಅವರು ಕರ್ಚೀಫು ಹುಡುಕುವುದರೊಳಗೆ ಮುಂದೆ ಒಂದು ಲೋಟ ಕಷಾಯ ಬಂದಿರುತ್ತಿತ್ತು, ಜೊತೆಗೆ ಅರ್ಧ ಗಂಟೆಯ ಉಪನ್ಯಾಸ. ನೆಗಡಿಯಾದ ಗುಮಾಸ್ತರು ವರದರಾಜರ ಮೇಜು ದಾಟುವವರೆಗೂ ಸೀನನ್ನು ಮೂಗಿನಲ್ಲೇ ಹಿಡಿದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ತೊಂಬತ್ತಾರನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಬಡಾವಣೆಯ ಹಿರಿಯರ ಸಂಘದವರು ವರದರಾಜರನ್ನು ಭಾಷಣಕ್ಕೆ ಕರೆದರು. ಸಂಘದ ಅಧ್ಯಕ್ಷರು ಎದುರುಮನೆಯ ಸೊಣ್ಣಪ್ಪನವರು. ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಮಾಡಿ, ಆಮೇಲೆ ಇಲ್ಲಿ ಮನೆ ಕಟ್ಟಿಸಿಕೊಂಡು ಬಂದವರು. ಹಿಡಿದ ಕೆಲಸವನ್ನು ಬಿಡುವ ಜಾತಿಯಲ್ಲ. ಭಾಷಣಕ್ಕೆ ‘ಮಾತ್ರೆಯಿಲ್ಲದೆ ಮೂವತ್ತು ವರ್ಷ’ ಎಂದು ಅವರೇ ಹೆಸರಿಟ್ಟರು, ಕರಪತ್ರ ಅಚ್ಚು ಹಾಕಿಸಿದರು, ಕೊನೆಯಲ್ಲಿ ಎಲ್ಲರಿಗೂ ಎರಡೆರಡು ಉದ್ದಿನ ವಡೆ ಕೊಡುವುದೆಂದು ಬೀದಿ ಮೂಲೆಯ ಕ್ಯಾಂಟೀನಿನ ಮುರುಗೇಶನಿಗೆ ಹೇಳಿದರು.

ಭಾನುವಾರ ಭಾಷಣ. ಬುಧವಾರ ವರದರಾಜರ ಗಂಟಲು ಕಟ್ಟಿತು.

ಶುಂಠಿ, ಮೆಣಸು, ಜೇಷ್ಠಮಧು, ತುಳಸಿ ಎಲ್ಲವೂ ಆಯಿತು. ಗುರುವಾರ ಎಲ್ಲವನ್ನೂ ಒಟ್ಟಿಗೆ ಕುದಿಸಿ ಕುಡಿದರು. ಶುಕ್ರವಾರ ಬೆಳಿಗ್ಗೆ ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಮಾತ್ರೆಯಿಲ್ಲದ ಮೂವತ್ತು ವರ್ಷದ ಮೇಲೆ ಮಾತಿಲ್ಲದೆ ಹೇಗೆ ಮಾತಾಡುವುದು? ವರದರಾಜರು ಹಲ್ಲು ಕಚ್ಚಿ ಒಂದು ನಿರ್ಧಾರಕ್ಕೆ ಬಂದರು. ಭಾಷಣ ಆಗಲೇಬೇಕು, ಅದಕ್ಕೆ ಏನು ಮಾಡಬೇಕೋ ಅದನ್ನು ಮಾಡಲೇಬೇಕು.

ಚಾಮರಾಜಪೇಟೆಯ ಔಷಧಿ ಅಂಗಡಿಯವರಿಗೆಲ್ಲ ಅವರ ಮುಖ ಗೊತ್ತು. ಅದಕ್ಕಾಗಿ ಅಕ್ಕಿಪೇಟೆಗೆ ನಡೆದರು. ಅಕ್ಕಿ ಮೂಟೆಗಳ ಸಾಲಿನ ಕೊನೆಯಲ್ಲಿ ಲಕ್ಷ್ಮಯ್ಯ ಎಂಬುವನ ಮೆಡಿಕಲ್ ಸ್ಟೋರು. ವರದರಾಜರು ಗಂಟಲು ಮುಟ್ಟಿ ತೋರಿಸಿದರು. ಲಕ್ಷ್ಮಯ್ಯ ಚೀಟಿಗೀಟಿ ಏನೂ ಕೇಳದೆ ಒಂದು ಪಟ್ಟಿ ಕ್ಯಾಪ್ಸೂಲ್ ಮುಂದಿಟ್ಟು, ಇದು ಬಹಳ ಸ್ಟ್ರಾಂಗು, ದಿನಕ್ಕೆರಡರಂತೆ ಐದು ದಿನ ತೊಗೊಳ್ಳಿ, ಮಧ್ಯದಲ್ಲಿ ಬಿಡಬೇಡಿ ಎಂದ.

ಸರ್ಕಾರಿ ನೌಕರರಾದ ವರದರಾಜರು ನಿಯಮ ಮುರಿಯುವಾಗಲೂ ನಿಯಮಪ್ರಕಾರ ಮುರಿಯುವವರು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಹೊತ್ತಿಗೆ ಸರಿಯಾಗಿ, ಐದು ದಿನದಲ್ಲಿ ಹತ್ತು ಕ್ಯಾಪ್ಸೂಲನ್ನೂ ಕಷಾಯದ ಜೊತೆ ನುಂಗಿ ಮುಗಿಸಿದರು. ಪಟ್ಟಿ ಅರ್ಧ ಮುಗಿಯುವಾಗಲೇ, ಭಾನುವಾರದ ಹೊತ್ತಿಗೆ, ಧ್ವನಿ ಗಂಟೆಯಂತೆ ಮೊಳಗಿತು. ಇಂಗ್ಲಿಷ್ ಔಷಧಿಯ ಮೇಲೆ ಅವರು ಅಷ್ಟು ಕಠೋರವಾಗಿ ಹಿಂದೆಂದೂ ಮಾತಾಡಿರಲಿಲ್ಲ. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುರುಗೇಶ ತಾನೇ ಬಂದು ಅವರ ಕೈಗೆ ಬಿಸಿ ವಡೆ ಇಟ್ಟ.

ಮುಂದಿನ ಭಾನುವಾರ ಸಂಜೆ ವರದರಾಜರ ಬಲಗೈ ನವೆಯಾಗತೊಡಗಿತು.

ಮೊದಲು ಸೊಳ್ಳೆ ಎಂದುಕೊಂಡರು. ಕೆರೆದಷ್ಟೂ ದದ್ದು ಅಗಲವಾಯಿತು, ಒಂದಕ್ಕೊಂದು ಸೇರಿ ಭೂಪಟದಂತೆ ಹರಡಿ ಹೊಟ್ಟೆಯ ಮೇಲೆ ಬಂತು, ಅಲ್ಲಿಂದ ಬೆನ್ನಿಗೆ ಹೋಯಿತು. ಭಾಗೀರಥಮ್ಮ ನೋಡಿ, ಪಿತ್ತದ ಗಂಧೆ ಎಂದು ತೀರ್ಪು ಕೊಟ್ಟು, ಅದಕ್ಕೆ ಮದ್ದೆಂದು ಅಟ್ಟದ ಮೇಲಿದ್ದ ಕರೀ ಕಂಬಳಿ ಇಳಿಸಿ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಗಂಡನಿಗೆ ಹೊದಿಸಿ ಕೂರಿಸಿದರು. ಬೆಳಗಾಗುವ ಹೊತ್ತಿಗೆ ಗಂಧೆ ಮಾಯವಾಗಿತ್ತು. ಆದರೆ ವರದರಾಜರು ಏಳಲು ಹೋದರೆ ಮೊಣಕಾಲು ಮಡಚದು. ಬೆರಳ ಗೆಣ್ಣುಗಳು ಊದಿ ಉಂಗುರ ಒಳಗೆ ಹೂತುಹೋಗಿತ್ತು. ಮಣಿಕಟ್ಟು ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು.

ಮೂವತ್ತು ವರ್ಷ ಕಾಯಿಲೆ ಬೀಳದವರು ಬಿದ್ದರೆಂದರೆ ಅದು ಬೀದಿಯ ಸಮಾಚಾರ. ಎಲ್ಲರೂ ನೋಡಲು ಬಂದರು, ಎಲ್ಲರೂ ಕಾರಣ ತಂದರು. ಒಬ್ಬರು ಬದನೆಕಾಯಿ ಎಂದರು, ಒಬ್ಬರು ಹೊಸ ಬನಿಯನ್ನು ಎಂದರು. ಸೊಣ್ಣಪ್ಪನವರು ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಹುಲ್ಲೇ ಎಂದು ಖಡಾಖಂಡಿತವಾಗಿ ಹೇಳಿ, ಅರ್ಧ ದಿನದಲ್ಲಿ ಇಬ್ಬರು ಆಳುಗಳಿಂದ ಸೈಟನ್ನು ಬೋಳಿಸಿಬಿಟ್ಟರು. ಅಂದು ಸಂಜೆ ವರದರಾಜರಿಗೆ ಗಂಧೆ ಕುತ್ತಿಗೆವರೆಗೂ ಬಂತು. ಹುಲ್ಲು ಕಿತ್ತ ಇಬ್ಬರಿಗೂ ಬಂತು.

ಗಂಧೆಗೆ ಒಂದು ಕೆಟ್ಟ ಗುಣವಿತ್ತು. ನೋಡುವವರು ಬಂದಾಗ ಇರುತ್ತಿರಲಿಲ್ಲ. ರಜಾ ಚೀಟಿ ತೊಗೊಂಡು ಹೋಗಲು ಬಂದ ಕಚೇರಿಯ ಜವಾನ ಮೈಮೇಲೆ ಹುಡುಕಿ ಏನೂ ಸಿಗದೆ, ಸಾಹೇಬ್ರು ಆರಾಮಾಗವ್ರೆ ಎಂದು ವರದಿ ಕೊಟ್ಟ. ಅವನು ಗೇಟು ದಾಟುತ್ತಿದ್ದಂತೆ ಗಂಧೆ ಎದ್ದಿತು.

ಬುಧವಾರ ಭಾಗೀರಥಮ್ಮ ಹಟ ಹಿಡಿದು ಗಂಡನನ್ನು ಬಸವನಗುಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಮೈತ್ರೇಯಿಯವರ ಹತ್ತಿರ ಕರೆದುಕೊಂಡು ಹೋದರು. ಸೊಣ್ಣಪ್ಪನವರೂ ಜೊತೆಗೆ ಬಂದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಗಂಭೀರ ಸ್ವಭಾವದವರು. ಊದಿದ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಗಂಧೆ ಯಾವಾಗ ಏಳುತ್ತೆ, ಎಷ್ಟು ಹೊತ್ತು ಇರುತ್ತೆ ಎಂದೆಲ್ಲ ವಿಚಾರಿಸಿ, ಕೊನೆಗೆ ಕೇಳಿದರು.

“ಎರಡು ಮೂರು ವಾರದಲ್ಲಿ ಯಾವುದಾದ್ರೂ ಔಷಧಿ ತಗೊಂಡಿದೀರಾ? ಮಾತ್ರೆ, ಇಂಜೆಕ್ಷನ್ನು, ಏನಾದ್ರೂ?”

ವರದರಾಜರು ಬಾಯಿ ತೆರೆಯುವ ಮೊದಲೇ ಭಾಗೀರಥಮ್ಮ ಹೆಮ್ಮೆಯಿಂದ ಉತ್ತರ ಕೊಟ್ಟರು. “ಇವ್ರು ಮಾತ್ರೆ ಮುಟ್ಟಿ ಮೂವತ್ತು ವರ್ಷ ಆಯ್ತಮ್ಮಾ.” ಸೊಣ್ಣಪ್ಪನವರು ಜೇಬಿನಿಂದ ಕರಪತ್ರ ತೆಗೆದು ಡಾಕ್ಟರ ಮುಂದಿಟ್ಟರು. ಅಚ್ಚಾದ ಸಾಕ್ಷಿಯ ಎದುರು ವರದರಾಜರು ಏನು ಹೇಳಿಯಾರು? ಗೋಡೆಯ ಮೇಲಿದ್ದ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದರು. ಕ್ಯಾಪ್ಸೂಲ್ ಮುಗಿದ ಮೇಲೆ ಐದು ದಿನ ಚೆನ್ನಾಗಿದ್ದೆನಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಸಮಾಧಾನವನ್ನೂ ಹೇಳಿಕೊಂಡರು.

ಔಷಧಿಯಲ್ಲದಿದ್ದರೆ ಊಟದ್ದೋ ಸೋಂಕಿನದೋ ಇರಬೇಕು, ಹೊರಗೆ ಏನು ತಿಂದಿರಿ ಯೋಚನೆ ಮಾಡಿ ಎಂದು ಡಾಕ್ಟರು ರಕ್ತಪರೀಕ್ಷೆಗೆ ಬರೆದರು. ನವೆಗೆ ಒಂದು ಮಾತ್ರೆಯನ್ನೂ ಬರೆದರು. ಮಾತ್ರೆಯ ಹೆಸರು ಕಂಡೊಡನೆ ಸೊಣ್ಣಪ್ಪನವರು, ಇವರು ಅದೆಲ್ಲಾ ತಗೊಳಲ್ಲ ಡಾಕ್ಟ್ರೇ ಎಂದು ಚೀಟಿಯನ್ನು ಮಡಚಿ ತಮ್ಮ ಜೇಬಿಗೇ ಹಾಕಿಕೊಂಡರು. ನವೆಯಲ್ಲಿ ಕುದಿಯುತ್ತಿದ್ದ ವರದರಾಜರು ಆ ಜೇಬನ್ನು ಮನೆ ತಲುಪುವವರೆಗೂ ನೋಡುತ್ತಲೇ ಇದ್ದರು.

ಹೊರಗೆ ತಿಂದದ್ದು ಒಂದೇ ಒಂದು, ಮುರುಗೇಶನ ವಡೆ.

ಇದು ಸೊಣ್ಣಪ್ಪನವರಿಗೆ ಹೊಳೆದ ಮೇಲೆ ತಡೆಯುವವರಿರಲಿಲ್ಲ. ಮೂವತ್ತು ವರ್ಷ ಅಲುಗದ ದೇಹವನ್ನು ಎರಡು ವಡೆ ಕೆಡವಿದವೆಂದರೆ ಅವುಗಳಲ್ಲಿ ಎಂಥ ವಿಷವಿರಬೇಕು ಎಂದು ಮನೆಮನೆಗೆ ಹೋಗಿ ಕೇಳಿದರು. ಗುರುವಾರದೊಳಗೆ ಅರ್ಜಿ ಸಿದ್ಧವಾಗಿ ಬೀದಿಯವರೆಲ್ಲ ರುಜು ಹಾಕಿದರು. ಭಾಷಣಕ್ಕೆ ಬಂದು ವಡೆ ತಿಂದಿದ್ದ ನಾಲ್ವರಿಗೆ ರುಜು ಹಾಕುತ್ತಿರುವಾಗಲೇ ಮೈ ನವೆ ಶುರುವಾಯಿತು. ಭಾಷಣಕ್ಕೆ ಬರದೆ ಇದ್ದ ಬಸವಮ್ಮನವರಿಗೂ ಶುರುವಾಯಿತು. ಅರ್ಜಿ ಕಾರ್ಪೊರೇಷನ್ನಿಗೆ ಹೋಯಿತು. ಕ್ಯಾಂಟೀನಿನಲ್ಲಿ ಜನ ಕಡಿಮೆಯಾದರು, ಶುಕ್ರವಾರ ಒಬ್ಬರೂ ಬರಲಿಲ್ಲ. ನಗರ್ತಪೇಟೆಯಲ್ಲಿ ಅಪ್ಪ ನಡೆಸುತ್ತಿದ್ದ ತಿಂಡಿ ಅಂಗಡಿಯನ್ನು ಬಿಟ್ಟು ಇಲ್ಲಿ ಹತ್ತು ವರ್ಷ ಬೆವರು ಸುರಿಸಿ ಹೆಸರು ಮಾಡಿದ್ದ ಮುರುಗೇಶ, ಖಾಲಿ ಬೆಂಚುಗಳನ್ನು ಒರೆಸುತ್ತ ಕೂತ.

ಈ ಗಲಾಟೆಯೊಂದೂ ವರದರಾಜರ ಕಿವಿಗೆ ಸರಿಯಾಗಿ ಬಿದ್ದಿರಲಿಲ್ಲ. ಅವರು ಕಂಬಳಿಯೊಳಗಿದ್ದರು. ಅಲ್ಲಿ ಅವರಿಗೆ ಒಂದು ಯೋಚನೆ ಬಂದಿತ್ತು. ಸತ್ತ ಗಂಟಲನ್ನು ಎರಡು ದಿನದಲ್ಲಿ ಎಬ್ಬಿಸಿದ ಕ್ಯಾಪ್ಸೂಲು ಈ ಗಂಧೆಯನ್ನು ಬಿಟ್ಟೀತೆ? ಶನಿವಾರ ಬೆಳಿಗ್ಗೆ ಹೆಂಡತಿ ಗುಡಿಗೆ ಹೋದದ್ದೇ ತಡ, ಗೋಡೆ ಹಿಡಿದು ಬೀದಿಗೆ ಬಂದು ಆಟೋ ಹತ್ತಿದರು. ಅಕ್ಕಿಪೇಟೆಯಲ್ಲಿ ಆಟೋದಿಂದ ಇಳಿಯಲಾರದೆ ಲಕ್ಷ್ಮಯ್ಯನನ್ನೇ ಹೊರಗೆ ಕರೆಸಿ ಇನ್ನೊಂದು ಪಟ್ಟಿಯನ್ನು, ಕಚೇರಿಯ ಅಭ್ಯಾಸಬಲದಿಂದ ಬಿಲ್ಲಿನ ಸಮೇತ, ತೊಗೊಂಡರು. ತಡಮಾಡದೆ, ಮನೆಗೆ ಬಂದು ಎರಡನ್ನು ಒಟ್ಟಿಗೇ ನುಂಗಿದರು.

ಒಂದು ಗಂಟೆ ಕಳೆಯಲಿಲ್ಲ. ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಮುಖ ಬೂದುಗುಂಬಳದಂತಾಯಿತು. ಇದುವರೆಗೆ ಒಂದೊಂದೇ ಕಡೆ ಎದ್ದು ಮುಳುಗುತ್ತಿದ್ದ ಗಂಧೆ ಈಗ ಅಂಗಾಲಿನಿಂದ ನೆತ್ತಿಯವರೆಗೆ ಒಟ್ಟಿಗೆ ಎದ್ದಿತು. ಗುಡಿಯಿಂದ ಬಂದ ಭಾಗೀರಥಮ್ಮ ಕುಂಕುಮ ಹಚ್ಚಲು ಹೋಗಿ ಹಣೆ ಎಲ್ಲಿದೆಯೆಂದು ತಿಳಿಯದೆ ನಿಂತರು. ಕ್ಲಿನಿಕ್ಕಿಗೆ ಫೋನು ಮಾಡಿದರೆ ಡಾಕ್ಟರು ಸೋಮವಾರ ಬರುತ್ತಾರೆಂದರು. ದೊಡ್ಡಾಸ್ಪತ್ರೆಗಾದರೂ ಹೋಗೋಣವೆಂದರೆ ವರದರಾಜರು ಮಂಚದ ಕಾಲನ್ನು ತಬ್ಬಿ ಹಿಡಿದು ಒಲ್ಲೆನೆಂದರು. ಹೊತ್ತು ಇಳಿಯುವಾಗ ದೇವರು ದೊಡ್ಡವನು, ಊತವೂ ತಾನಾಗಿ ಸ್ವಲ್ಪ ಇಳಿಯಿತು.

ವರದರಾಜರಿಗೆ ಈಗ ಕಾಯಿಲೆಯ ಮೂಲ ಸ್ಪಷ್ಟವಾಗಿ ಗೊತ್ತಾಗಿತ್ತು. ಭಾನುವಾರ ನೋಡಲು ಬಂದ ಸೊಣ್ಣಪ್ಪನವರು, ನಾಳೆ ಬೆಳಿಗ್ಗೆ ಹೆಲ್ತ್ ಇನ್ಸ್‌ಪೆಕ್ಟರು ಬಂದು ಮುರುಗೇಶನ ಕ್ಯಾಂಟೀನಿಗೆ ಬೀಗ ಹಾಕ್ತಾರೆ ಎಂದು ಸಿಹಿಸುದ್ದಿಯಂತೆ ಹೇಳಿದಾಗಲೇ ಅವರಿಗೆ ಅರ್ಜಿಯ ವಿಷಯ ಪೂರ್ತಿ ತಿಳಿದದ್ದು. ಅವರು ತಡವರಿಸುತ್ತ, ಅರ್ಜಿ ವಾಪಸ್ ತೊಗೊಳ್ಳಿ, ಪಾಪ ಅವನದೇನೂ ತಪ್ಪಿಲ್ಲ ಎಂದರು. ಯಾಕೆ ಎಂಬುದನ್ನು ಮಾತ್ರ ಹೇಳಲಿಲ್ಲ. ಸೊಣ್ಣಪ್ಪನವರು ಅವರ ಊದಿದ ಕೈಯನ್ನು ಕಣ್ಣಿಗೊತ್ತಿಕೊಂಡು, ಇಂಥ ಕ್ಷಮಾಗುಣ ಈ ಕಾಲದಲ್ಲಿ ಎಲ್ಲಿದೆ ಎಂದು ಗದ್ಗದಿತರಾಗಿ ಹೊರಟವರು, ಸಂಜೆಯೊಳಗೆ ಇನ್ನೂ ಹತ್ತು ರುಜು ಕೂಡಿಸಿದರು.

ಸೋಮವಾರ ಬೆಳಿಗ್ಗೆ ಕ್ಯಾಂಟೀನಿನ ಮುಂದೆ ಬೀದಿಯೇ ಸೇರಿತ್ತು. ಇನ್ಸ್‌ಪೆಕ್ಟರು ದೇವಯ್ಯ ಎಂಬುವರು. ಮಾತು ಕಡಿಮೆ, ಕೈಯಲ್ಲಿ ಒಂದು ಫೈಲು. ಅಡುಗೆಮನೆ, ಬಾಣಲೆ, ನೀರಿನ ಡ್ರಮ್ಮು ಎಲ್ಲ ನೋಡಿ, ಇಲ್ಲಿ ನನಗೇನೂ ಕಾಣಿಸಲ್ಲ, ಆದರೆ ಇಷ್ಟು ಜನ ಬರೆದುಕೊಟ್ಟಿದ್ದಾರೆ, ಕಾಯಿಲೆ ಬಿದ್ದವರನ್ನು ನೋಡಬೇಕು ಎಂದರು. ಸೊಣ್ಣಪ್ಪನವರೂ ಇನ್ನೊಬ್ಬರೂ ವರದರಾಜರನ್ನು ತೋಳು ಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿ, ಅಂಗಿ ಬಿಚ್ಚಿ, ಬನಿಯನ್ನು ಎತ್ತಿ ತೋರಿಸಿದರು.

ಹೊಟ್ಟೆ ಎಳೆಮಗುವಿನ ಹೊಟ್ಟೆಯಂತೆ ನುಣ್ಣಗಿತ್ತು.

“ಎಲ್ಲಿ ಸ್ವಾಮಿ?” ಎಂದರು ದೇವಯ್ಯ. ನೆನ್ನೆ ಇತ್ತು, ಇನ್ನೊಂದು ಗಳಿಗೆ ಕಾಯಿರಿ ಬರುತ್ತೆ ಎಂದು ಹತ್ತು ಜನ ಭರವಸೆ ಕೊಟ್ಟರು. ರಾಗಿ ಬಿತ್ತಿ ಮೊಳಕೆಗೆ ಕಾಯುವವರಂತೆ ಎಲ್ಲರೂ ಆ ಹೊಟ್ಟೆಯನ್ನು ನೋಡುತ್ತ ನಿಂತರು. ಆಗ ಮುರುಗೇಶ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ.

“ಸಾರ್, ಅವತ್ತು ನಿಮ್ ಕೈಗೆ ನಾನೇ ಕೊಟ್ಟಿದ್ದು. ಮನೇಲಿ ನನ್ ಮಕ್ಳೂ ಅದೇ ತಿಂದಿದ್ದು. ನನ್ ವಡೆಯಿಂದ ಹಿಂಗಾಯ್ತು ಅಂತ ನೀವ್ ಒಂದ್ ಮಾತು ಹೇಳ್ಬಿಡಿ, ಇವತ್ತೇ ಒಲೆ ಆರಿಸ್ಬಿಡ್ತೀನಿ.”

ವರದರಾಜರು ಬನಿಯನ್ನು ಕೆಳಗೆಳೆದುಕೊಂಡರು. ಬೆಂಚಿನ ತುದಿ ಹಿಡಿದು, ಮೊಣಕಾಲು ಕಟಕಟ ಎನ್ನುತ್ತಿದ್ದರೂ ಬಿಡದೆ ಎದ್ದು ನಿಂತರು.

“ವಡೆ ಅಲ್ಲ. ಮಾತ್ರೆ,” ಎಂದರು.

ದೇವಯ್ಯನವರ ಪೆನ್ನು ನಿಂತಿತು. “ವಡೆ ಒಳಗೆ ಮಾತ್ರೆ ಇತ್ತಾ?”

ಗುಂಪಿನಲ್ಲಿ ಗುಜುಗುಜು ಎದ್ದಿತು. ಬಸವಮ್ಮನವರು, ನನಗೆ ಆಗಲೇ ಕಹಿ ಅನ್ನಿಸಿತ್ತು ಎಂದರು. ಮುರುಗೇಶನ ಮುಖ ಬಿಳಿಚಿತು. ವರದರಾಜರು ಎರಡೂ ಕೈ ಆಡಿಸಿ, ಅಲ್ಲವೇ ಅಲ್ಲ, ಮಾತ್ರೆ ನುಂಗಿದ್ದು ನಾನು, ಅಕ್ಕಿಪೇಟೆಯಲ್ಲಿ ಕದ್ದು ತೊಗೊಂಡೆ, ಮೊದಲು ಹತ್ತು, ಮೊನ್ನೆ ಎರಡು, ಎಂದು ಬಿಡಿಸಿ ಬಿಡಿಸಿ ಹೇಳಿದರು. ಆಮೇಲೆ ಸೊಣ್ಣಪ್ಪನವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

“ನೋಡಿದ್ರಾ ಇನ್ಸ್‌ಪೆಕ್ಟ್ರೇ. ಒಬ್ಬ ಬಡವನ ಹೊಟ್ಟೆಪಾಡಿಗೋಸ್ಕರ ಮೂವತ್ತು ವರ್ಷದ ಹೆಸರನ್ನೇ ಬಲಿ ಕೊಡ್ತಾವ್ರೆ. ಇಂಥೋರ ಮಾತನ್ನ ನೀವು ಬರ್ಕೋಬೇಡಿ.”

ಗುಂಪೆಲ್ಲ ತಲೆದೂಗಿತು. ಮೂವತ್ತು ವರ್ಷದ ಹೆಗ್ಗಳಿಕೆಯನ್ನು ಯಾವ ಸಾಕ್ಷಿಯೂ ಇಲ್ಲದೆ ನಂಬಿದ ಜನ, ಈ ನಿಜಕ್ಕೆ ಸಾಕ್ಷಿ ಕೇಳಿದರು. ಮಿಕ್ಕ ಪಟ್ಟಿ ಶನಿವಾರದಿಂದಲೇ ಕಾಣೆಯಾಗಿತ್ತು, ಆದರೂ ವರದರಾಜರು ಈಗ ಹಟಕ್ಕೆ ಬಿದ್ದರು. ಬನ್ನಿ, ಅಂಗಡಿಯವನ ಬಾಯಿಂದಲೇ ಹೇಳಿಸುತ್ತೇನೆ ಎಂದು ದೇವಯ್ಯನವರನ್ನು ಆಟೋಗೆ ಹತ್ತಿಸಿದರು. ಸೊಣ್ಣಪ್ಪನವರು ಆಟೋ ಹಿಂದೆ ತಮ್ಮ ಸ್ಕೂಟರಿನಲ್ಲಿ ಹೊರಟರು.

ಅಕ್ಕಿಪೇಟೆಯಲ್ಲಿ ಲಕ್ಷ್ಮಯ್ಯ ಮೊದಲು ವರದರಾಜರನ್ನು ಕಂಡು ನಕ್ಕ. ಪಕ್ಕದಲ್ಲಿ ಫೈಲು ಹಿಡಿದ ಅಧಿಕಾರಿಯನ್ನು ಕಂಡು ನಗು ನಿಲ್ಲಿಸಿದ. ಡಾಕ್ಟರ ಚೀಟಿಯಿಲ್ಲದೆ ತನ್ನ ಅಂಗಡಿಯಲ್ಲಿ ಕೆಮ್ಮಿನ ಗುಳಿಗೆಯನ್ನೂ ಕೊಡುವುದಿಲ್ಲವೆಂದೂ, ಈ ಯಜಮಾನರನ್ನು ಹುಟ್ಟಿದಾರಭ್ಯ ನೋಡಿಯೇ ಇಲ್ಲವೆಂದೂ, ದೇವರ ಪಟ ಮುಟ್ಟಿ ಹೇಳಿದ. ವರದರಾಜರು ಎರಡು ದಿನದ ಹಿಂದೆ ಆಟೋ ಹತ್ತಿರ ಬಂದು ಕೊಟ್ಟೆಯಲ್ಲಪ್ಪ ಎಂದು ಅಂಗಲಾಚಿದರು. ಲಕ್ಷ್ಮಯ್ಯ ದೇವಯ್ಯನವರ ಕಡೆ ತಿರುಗಿ, ಪಾಪ, ಜ್ವರ ಇದೆಯೇನೋ ಎಂದ. ಮರಳಿ ಬರುವಾಗ ಸೊಣ್ಣಪ್ಪನವರು ಸ್ಕೂಟರಿನಿಂದಲೇ ಜಯ ಸಿಕ್ಕವರಂತೆ ಕೈ ಬೀಸಿದರು.

ಕ್ಯಾಂಟೀನಿನ ಮುಂದೆ ಇಳಿದಾಗ ದೇವಯ್ಯ ಫೈಲು ಬಿಚ್ಚಿದರು. ವಿಚಾರಣೆ ಮುಗಿಯುವವರೆಗೆ ಮುಚ್ಚಿಸದೆ ನಿರ್ವಾಹವಿಲ್ಲ ಎಂದು ಬೇಸರದಿಂದಲೇ ಬರೆಯತೊಡಗಿದರು. ಮುರುಗೇಶ ಒಲೆಯ ಕಡೆ ನಡೆದ. ವರದರಾಜರು ಅವನ ದಾರಿಗೆ ಅಡ್ಡವಾಗಿ, ಒಲೆಗೆ ಬೆನ್ನು ಮಾಡಿ ನಿಂತುಬಿಟ್ಟರು. ನಾನು ಹೇಳುವುದನ್ನು ಬರೆದುಕೊಳ್ಳುವವರೆಗೆ ಈ ಒಲೆ ಆರಿಸಲು ಬಿಡುವುದಿಲ್ಲವೆಂದರು. ಬೆನ್ನು ಸುಡುತ್ತಿದ್ದರೂ ಕದಲಲಿಲ್ಲ.

ಹೆಂಗಸರ ಗುಂಪಿನಲ್ಲಿ ನಿಂತಿದ್ದ ಭಾಗೀರಥಮ್ಮ ಆಗ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಕರ್ಚೀಫಿನ ಗಂಟು ಬಿಚ್ಚಿ, ಎರಡು ಗುಳಿ ಖಾಲಿಯಾಗಿದ್ದ ಒಂದು ಕ್ಯಾಪ್ಸೂಲ್ ಪಟ್ಟಿಯನ್ನು ದೇವಯ್ಯನವರ ಫೈಲಿನ ಮೇಲಿಟ್ಟರು. ಅದಕ್ಕೆ ಸುತ್ತಿದ್ದ ಬಿಲ್ಲಿನ ಮೇಲೆ ಲಕ್ಷ್ಮಯ್ಯನ ಅಂಗಡಿಯ ಮುದ್ರೆಯಿತ್ತು, ಶನಿವಾರದ ತಾರೀಖಿತ್ತು.

“ಶನಿವಾರ ಇವ್ರ ಅಂಗಿ ಒಗೆಯುವಾಗ ಜೇಬಲ್ಲಿ ಸಿಕ್ತು,” ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. “ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಹೇಳಿದ್ರಿ. ಇನ್ನು ಒಲೆ ಬಿಟ್ಟು ಈಚೆ ಬನ್ನಿ.”

ದೇವಯ್ಯ ಪಟ್ಟಿಯನ್ನು ತಿರುಗಿಸಿ ನೋಡಿದರು, ಬಿಲ್ಲು ನೋಡಿದರು, ತಾವು ಬರೆದಿದ್ದ ಹಾಳೆಯನ್ನು ಹರಿದು ಮಡಚಿ ಜೇಬಿಗಿಟ್ಟುಕೊಂಡರು. ಬಿಲ್ಲನ್ನು ಮಾತ್ರ ಫೈಲಿಗೆ ಸೇರಿಸಿ, ಇದನ್ನು ನೋಡಬೇಕಾದವರಿಗೆ ತಲುಪಿಸುತ್ತೇನೆ ಎಂದು ಹೊರಟರು. ನವೆಯೆಂದು ರುಜು ಹಾಕಿದ್ದ ನಾಲ್ವರೂ ಬಸವಮ್ಮನವರೂ ಅದೇ ಗಳಿಗೆಯಲ್ಲಿ ಯಾವ ಔಷಧಿಯೂ ಇಲ್ಲದೆ ಗುಣವಾದರು. ಸೊಣ್ಣಪ್ಪನವರು ಮಾತ್ರ ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಸದ್ದಿಲ್ಲದೆ ಭಾಗೀರಥಮ್ಮನವರ ಕೈಗೆ ಕೊಟ್ಟರು.

ಸಂಜೆ ಡಾಕ್ಟರ್ ಮೈತ್ರೇಯಿ ಎಲ್ಲವನ್ನೂ ಕೇಳಿಸಿಕೊಂಡು ಬೈಯಲಿಲ್ಲ. ಕೆಲವರ ಮೈಗೆ ಕೆಲವು ಔಷಧಿ ಒಗ್ಗುವುದಿಲ್ಲ, ತೊಗೊಂಡ ವಾರ ಹತ್ತು ದಿನದ ಮೇಲೆ ಹೀಗೆ ಗಂಧೆ, ಕೀಲುನೋವು, ಊತ ಕಾಣಿಸಿಕೊಳ್ಳುತ್ತೆ, ಮತ್ತೆ ಅದನ್ನೇ ನುಂಗಿದಿರಲ್ಲ, ಉಸಿರೇ ಕಟ್ಟಬಹುದಿತ್ತು ಎಂದರು. ಕ್ಯಾಪ್ಸೂಲಿನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು, ಇದನ್ನು ಸಾಯುವವರೆಗೂ ಜೇಬಿನಲ್ಲಿಟ್ಟುಕೊಳ್ಳಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ತೋರಿಸಿ ಎಂದು ಕೊಟ್ಟರು. ಅವರು ಬರೆದ ಮಾತ್ರೆಗಳನ್ನು ವರದರಾಜರು ಚಾಮರಾಜಪೇಟೆಯ ಅಂಗಡಿಯಲ್ಲೇ, ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುವ ಹಾಗೆ ತೊಗೊಂಡರು. ಅಂಗಡಿಯವನು ಗಾಬರಿಯಿಂದ ಯಾರಿಗೆ ಸಾರ್ ಎಂದು ಕೇಳಿದಾಗ ನನಗೆ ಎಂದರು.

ಮರುದಿನ ನವೆ ತಗ್ಗಿತು, ಮೂರನೆಯ ದಿನ ಕಾಲು ಮಡಚಿತು. ನಾಲ್ಕನೆಯ ದಿನ ಬೆಳಿಗ್ಗೆ ವರದರಾಜರು ಕೋಲು ಹಿಡಿದು ಕ್ಯಾಂಟೀನಿಗೆ ನಡೆದರು. ಇನ್ನೂ ಜನ ಬರುತ್ತಿರಲಿಲ್ಲ. ಮಾತು ಹರಡುವಷ್ಟು ಬೇಗ ಅದರ ತಿದ್ದುಪಡಿ ಹರಡುವುದಿಲ್ಲ. ತಾವು ಕೆಡಿಸಿದ್ದನ್ನು ತಾವೇ ಸರಿಮಾಡುವುದೆಂದು ನಿಶ್ಚಯಿಸಿ, ತಿಂಡಿಗಳ ಹೆಸರು ಬರೆಯುವ ಕಪ್ಪು ಹಲಗೆಯನ್ನು ಕೇಳಿ ಇಸಿದುಕೊಂಡು, ಇನ್ನೂ ಊದಿದ್ದ ಬೆರಳುಗಳಲ್ಲಿ ಸೀಮೆಸುಣ್ಣ ಹಿಡಿದು, ಕಚೇರಿಯ ಸುತ್ತೋಲೆಯ ಭಾಷೆಯಲ್ಲಿ ಬರೆದರು: ‘ಈ ಕ್ಯಾಂಟೀನಿನ ವಡೆಯಲ್ಲಿ ಯಾವುದೇ ವಿಷವಾಗಲಿ ದೋಷವಾಗಲಿ ಇರುವುದಿಲ್ಲವೆಂದು ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ.’ ಕೆಳಗೆ ರುಜು ಹಾಕಿದರು. ಹಲಗೆಯನ್ನು ಬಾಗಿಲಲ್ಲಿ ಇಟ್ಟು ತಾವೂ ಪಕ್ಕದಲ್ಲಿ ಕೂತರು.

ಗಾಂಧಿನಗರದ ಕಡೆ ಹೊರಟಿದ್ದ ಇಬ್ಬರು ಬಂದರು, ಹಲಗೆ ಓದಿದರು, ಬಸ್‌ಸ್ಟಾಪಿನ ಕಡೆ ಬೇಗಬೇಗ ಹೋದರು. ಇನ್ನೂ ನಾಲ್ಕು ಜನ ಹಾಗೆಯೇ ಹೋದರು. ವರದರಾಜರು ಕದಲದೆ ಕೂತಿದ್ದರು. ಕೊನೆಗೆ ಮುರುಗೇಶ ಒಂದು ಒದ್ದೆ ಬಟ್ಟೆ ತಂದು ಅವರ ಕೈಗೆ ಕೊಟ್ಟ.

“ಸಾರ್, ನೀವ್ ಬರ್ದಿರೋದು ನಿಜ. ಆದ್ರೆ ಓದೋರ್ ಕಣ್ಣಿಗೆ ವಿಷ ಅನ್ನೋದೊಂದೇ ಬೀಳ್ತದೆ. ಅಳಿಸ್ಬಿಡಿ.”

ವರದರಾಜರು ತಮ್ಮ ರುಜುವಿನವರೆಗೂ ಅಳಿಸಿದರು. ಏನು ಬರೆಯಲಿ ಎಂದು ಕೇಳಿದರು. ಮುರುಗೇಶ ಹೇಳಿದ, ಅವರು ದುಂಡಗೆ ಬರೆದರು: ‘ಬಿಸಿ ವಡೆ ಇದೆ.’

ಮೊದಲನೆಯ ತಟ್ಟೆ ಅವರ ಮುಂದೆಯೇ ಬಂತು. ಬೀದಿಗೆ ಮುಖಮಾಡಿ, ಹೋಗುವವರಿಗೆಲ್ಲ ಕಾಣುವಂತೆ ತಿನ್ನತೊಡಗಿದರು. ಎದುರುಮನೆಯ ಗೇಟಿನ ಹಿಂದೆ ನಿಂತು ಇದನ್ನು ನೋಡುತ್ತಿದ್ದ ಸೊಣ್ಣಪ್ಪನವರು ಸ್ವಲ್ಪ ಹೊತ್ತು ತಡೆದರು. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿ ಬಂದು, ವರದರಾಜರ ಪಕ್ಕದಲ್ಲಿ ಕೂತು, ನಂಗೂ ಎರಡು ಹಾಕಪ್ಪ ಎಂದರು.